ತೆಂಗಿನಕಾಯಿ ಒಡೆದ ಸರ್ವರು

ವೆಬ್‌ಸೈಟ್ ನೋಡಿಕೊಳ್ಳುವ ಕೆಲಸವೂ ಅಡುಗೆಮನೆಯ ಕೆಲಸವೂ ಒಂದೇ ಜಾತಿಯವು. ಎಲ್ಲ ಸರಿಯಿದ್ದಾಗ ಯಾರೂ ತುಟಿ ಬಿಚ್ಚುವುದಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ ಇಡೀ ಮನೆಗೆ ಅಡುಗೆ ಮಾಡಿದವರ ಹೆಸರು ನೆನಪಾಗುತ್ತದೆ. ಕೊಪ್ಪಳದ ನಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟನ್ನು ನಾನು ಬಹಳ ವರ್ಷಗಳಿಂದ ಬೇಯಿಸಿ ಬಡಿಸುತ್ತಿದ್ದೇನೆ. ಕಚೇರಿಯ ಆದೇಶದಲ್ಲಿ ನನ್ನ ಹೆಸರಿನ ಮುಂದೆ ‘ವೆಬ್ ಸಂಯೋಜಕ’ ಎಂದಿದೆ. ಆದರೆ ನನ್ನ ಹೆಂಡತಿ ಬೀಗರ ಮುಂದೆ ನನ್ನನ್ನು ಪರಿಚಯಿಸುವುದು, “ಇವ್ರು ಯುನಿವರ್ಸಿಟ್ಯಾಗ ಕಂಪ್ಯೂಟರಿನ ಮುಂದ ಕುಂದರತಾರ್ರಿ” ಎಂದು. ಕುಳಿತು ಏನು ಮಾಡುತ್ತಾರೆ ಎಂದು ಅವರು ಕೇಳುವುದಿಲ್ಲ, ಇವಳು ಹೇಳುವುದೂ ಇಲ್ಲ. ಕೆಟ್ಟ ಪ್ರಿಂಟರು, ಹ್ಯಾಂಗಾದ ಮೊಬೈಲು, ಒಮ್ಮೆ ಒಂದು ಮಿಕ್ಸಿ ಕೂಡ ನನ್ನ ಹತ್ತಿರ ರಿಪೇರಿಗೆ ಬಂದದ್ದುಂಟು. ಇಷ್ಟಾದರೂ ನನಗೆ ನನ್ನ ಕೆಲಸದ ಮೇಲೆ ಎಷ್ಟು ಅಭಿಮಾನವೆಂದರೆ, ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಲ್ಲಿ ನಮ್ಮ ಸೈಟು ಕಂಡರೆ ಇಳಿಯುವ ಸ್ಟಾಪನ್ನೂ ಮರೆತು ಅವರ ಹೆಗಲ ಮೇಲಿಂದ ಇಣುಕುತ್ತಾ ಕೂತುಬಿಡುತ್ತೇನೆ. ಬೈಸಿಕೊಂಡಿದ್ದೇನೆ ಕೂಡ.

ನ್ಯಾಯವಾಗಿ ಹೇಳಬೇಕೆಂದರೆ ಈ ಅಭಿಮಾನದಲ್ಲಿ ಮುಕ್ಕಾಲು ಪಾಲು ನಮ್ಮ ಕಾಲೇಜುಗಳ ಮೂವರಿಗೆ ಸೇರಬೇಕು. ಕುಷ್ಟಗಿ, ಗಂಗಾವತಿ, ಯಲಬುರ್ಗಾದ ಕಾಲೇಜುಗಳ ಪುಟಗಳನ್ನು ಅಲ್ಲಲ್ಲಿಯವರೇ ನೋಡಿಕೊಳ್ಳುತ್ತಾರೆ. ಕುಷ್ಟಗಿಯಲ್ಲಿ ಶರಣಪ್ಪ ಮಾಸ್ತರು. ಅವರು ದೈಹಿಕ ಶಿಕ್ಷಣ ನಿರ್ದೇಶಕರು. ಕಂಪ್ಯೂಟರಿಗೂ ಕಬಡ್ಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾನದಲ್ಲಿ ಯಾರೂ ಇರುವುದಿಲ್ಲ, ಹಾಗಾಗಿ ಮಾಸ್ತರು ಖಾಲಿ ಇರುತ್ತಾರೆ ಎಂದು ಪ್ರಿನ್ಸಿಪಾಲರು ಕಂಡುಹಿಡಿದಿದ್ದರು, ಅಷ್ಟೆ ಸಂಬಂಧ. ಗಂಗಾವತಿಯಲ್ಲಿ ವಾಣಿಜ್ಯಶಾಸ್ತ್ರದ ರಾಜೇಶ್ವರಿ ಮೇಡಂ. ಭತ್ತದ ಊರಿನವರಲ್ಲವೇ, ಏನು ಕಳಿಸಿದರೂ ಚೀಲಗಟ್ಟಲೆ. ಒಂದು ವನಮಹೋತ್ಸವಕ್ಕೆ ಅವರು ಹಾಕಿದ ಫೋಟೋಗಳ ಸಂಖ್ಯೆ ನೆಟ್ಟ ಸಸಿಗಳಿಗಿಂತ ಹೆಚ್ಚಿತ್ತು. ಯಲಬುರ್ಗಾದಲ್ಲಿ ಗ್ರಂಥಪಾಲಕ ಖಾಜಾಸಾಬರು. ಸೌಮ್ಯ ಮನುಷ್ಯ, ಆದರೆ ಒಮ್ಮೆ ಒಳಗೆ ಬಂದದ್ದನ್ನು ಹೊರಗೆ ಬಿಡುವವರಲ್ಲ. ನಿವೃತ್ತರಾದ ಪ್ರಿನ್ಸಿಪಾಲರ ಸಂದೇಶ ತೆಗೆದು ಹೊಸಬರದನ್ನು ಹಾಕಿರಿ ಎಂದರೆ, “ತೌಬಾ ತೌಬಾ! ಹಿರಿಯರ ಹೆಸರು ನನ್ನ ಕೈಲೆ ಅಳಸೂದೇನ್ರಿ?” ಎನ್ನುತ್ತಿದ್ದರು. ಹಾಗಾಗಿ ಅವರ ಪುಟದಲ್ಲಿ ಎಲ್ಲ ಪ್ರಿನ್ಸಿಪಾಲರೂ ಒಬ್ಬರ ಕೆಳಗೊಬ್ಬರು ವಿದ್ಯಾರ್ಥಿಗಳನ್ನು ಸ್ವಾಗತಿಸುತ್ತಾ ನಿಂತಿದ್ದರು.

ಹೀಗೆ ಸಂಸಾರ ಸಾಗಿದ್ದಾಗ ನಮ್ಮ ಸರ್ವರಿಗೆ ವಯಸ್ಸಾಯಿತು. ಸರ್ವರೆಂದರೆ ಇಡೀ ವೆಬ್‌ಸೈಟು ವಾಸವಾಗಿರುವ ದೊಡ್ಡ ಕಂಪ್ಯೂಟರು. ಫಲಿತಾಂಶದ ದಿನ ಅದು ಏದುಸಿರು ಬಿಡುವುದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಹೊಸದು ಮಂಜೂರಾಯಿತು. ಆಗ ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಕುಲಸಚಿವರು ನನ್ನನ್ನು ಕರೆದು, “ನೋಡಿ, ಹಳೇದರಿಂದ ಹೊಸದಕ್ಕೆ ಸಾಗಿಸೋದನ್ನ ಹೊರಗಿನ ಕಂಪನಿಗೆ ಕೊಟ್ಟುಬಿಡೋಣ. ಸೈಟನ್ನೂ ಇನ್ಮುಂದೆ ಅವರೇ ನೋಡಿಕೊಳ್ಳಲಿ. ಪಾಪ, ನಿಮ್ಮ ಕಾಲೇಜಿನೋರಿಗೆ ಇದೆಲ್ಲ ಎಲ್ಲಿ ಆಗತ್ತೆ?” ಎಂದರು. ಆ ‘ಪಾಪ’ ಎಂಬ ಮಾತು ನನಗೆ ನೇರ ಎದೆಗೆ ನಾಟಿತು. ನಮ್ಮವರಿಗೆ ಪಾಪ ಅನ್ನುವುದಕ್ಕೆ ಇವರು ಯಾರು? ನಾವು ಅನ್ನಬಹುದು, ಅದು ಬೇರೆ. “ಸರ್, ಕಂಪನಿ ಯಾಕ್ರಿ? ನಮ್ಮವರ ಮಾಡತಾರ. ನಾನು ತಯಾರ ಮಾಡತೀನಿ” ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, “ಸರಿ. ಪ್ರವೇಶಾತಿ ಶುರುವಾಗೋ ಸೋಮವಾರದೊಳಗೆ ಎಲ್ಲಾ ಆಗಿರಬೇಕು. ಒಂದೇ ಒಂದು ಪುಟ ಕಳೆದುಹೋದರೂ ಕಂಪನಿಯವರನ್ನ ಕರೀತೀನಿ, ನಿಮ್ಮೋರೆಲ್ಲ ಕೆಳಗಿಳೀಬೇಕು” ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, “ನಿಮಗ ಬಾಯಿ ಮುಚ್ಕೊಂಡ ಇರಾಕ ಯಾರ ಕಲಿಸಬೇಕೋ!” ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ತರಬೇತಿಯ ದಿನ ಮೂವರೂ ನಮ್ಮ ಕಂಪ್ಯೂಟರ್ ಲ್ಯಾಬಿಗೆ ಬಂದರು. ಹೊಸ ಯಂತ್ರದಲ್ಲಿ ನಾನು ಹಳೆಯ ಸೈಟಿನ ಒಂದು ನಕಲನ್ನು ಇಟ್ಟಿದ್ದೆ. ಅದನ್ನು ಪರದೆಯ ಮೇಲೆ ಮೂಡಿಸಿದಾಗ ಶರಣಪ್ಪ ಮಾಸ್ತರು, “ಅಬ್ಬಬ್ಬಾ! ಲಗ್ನದ ಮನಿ ಕಂಡಂಗ ಕಾಣತೈತಲ್ರೀ!” ಎಂದು ಉದ್ಗಾರ ತೆಗೆದರು. ನಾನು ಉಬ್ಬಿದೆ. ಉಬ್ಬಿದವನು ಸುಮ್ಮನಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಶುಭಕಾರ್ಯ, ಬರಿಗೈಯಲ್ಲಿ ಶುರುಮಾಡುವುದು ಹೇಗೆ ಎಂದು ಕ್ಯಾಂಟೀನಿನಿಂದ ತೆಂಗಿನಕಾಯಿ, ಊದಿನಕಡ್ಡಿ ತರಿಸಿದೆ. ಯಂತ್ರಕ್ಕೆ ಕುಂಕುಮ ಹಚ್ಚಿ, ರಾಜೇಶ್ವರಿ ಮೇಡಂ ಕೈಯಿಂದ ಆರತಿ ಮಾಡಿಸಿ, ಬಾಗಿಲಲ್ಲಿ ನಾನೇ ಕಾಯಿ ಒಡೆದೆ. ಸರಿಯಾಗಿ ಎರಡು ಹೋಳಾಯಿತು. ಖಾಜಾಸಾಬರು ತಾವು ತಂದಿದ್ದ ಪೇಢೆ ಹಂಚಿದರು.

ಆಮೇಲೆ ಪಾಠ. ನಾನು ಸ್ಪಷ್ಟವಾಗಿಯೇ ಹೇಳಿದೆ ಎಂದು ಇವತ್ತಿಗೂ ಆಣೆ ಮಾಡಬಲ್ಲೆ. ಈ ನಕಲು ಬರೀ ನೋಡುವುದಕ್ಕೆ. ಇದರಲ್ಲಿ ನಿಮ್ಮ ಪುಟ ಎಲ್ಲಿ ಕೆಡುತ್ತದೆ ಎಂದು ನೋಡಿರಿ, ಆದರೆ ತಿದ್ದುವುದನ್ನು ಹಳೆಯದರಲ್ಲೇ ತಿದ್ದಿರಿ, ಹೊಸ ಸುದ್ದಿಯನ್ನೂ ಅಲ್ಲೇ ಹಾಕಿರಿ. ಕೊನೆಯ ಭಾನುವಾರ ನಾನು ಈ ನಕಲನ್ನು ಅಳಿಸಿ, ಹಳೆಯದನ್ನು ಪೂರ್ತಿ ಹೊತ್ತು ತಂದು ಇಲ್ಲಿ ಕೂರಿಸುತ್ತೇನೆ. “ತಿಳೀತಿಲ್ರಿ?” ಎಂದೆ. “ತಿಳೀತ್ರಿ” ಎಂದರು ಮೂವರೂ. ನಮ್ಮ ಕಡೆ ಈ ‘ತಿಳೀತ್ರಿ’ಗೆ, ಊಟದ ಹೊತ್ತಾಯಿತು ಎಂಬ ಅರ್ಥವೂ ಉಂಟು. ಊಟದ ಮೇಲೆ ಇಡೀ ಮಧ್ಯಾಹ್ನ ಇಟಗಿಯ ಮಹಾದೇವ ಗುಡಿಯ ಜಗಳದಲ್ಲಿ ಹೋಯಿತು. ಮೂರೂ ಕಾಲೇಜಿನವರು ತಮ್ಮ ಪುಟದ ನೆತ್ತಿಯ ಮೇಲೆ ಅದೇ ಗುಡಿಯ ಫೋಟೋ ಹಾಕಿಕೊಂಡಿದ್ದರು. “ಇಟಗಿ ನಮ್ಮ ಕಡೇದು. ಗಂಗಾವತಿಯವ್ರದು ಇದರಾಗೇನು ಹಕ್ಕ ಐತ್ರಿ?” ಎಂದು ಸೌಮ್ಯ ಖಾಜಾಸಾಬರು ಮೊದಲ ಬಾರಿಗೆ ದನಿ ಏರಿಸಿದರು. “ಗುಡಿ ಎಲ್ಲಾರ್ದೂರಿ ಸಾಬ್ರ, ಬೇಕಾದ್ರ ನೀವು ನಮ್ಮ ಭತ್ತದ ಗದ್ದಿ ಹಾಕ್ಕೋರಿ, ನಾ ಬ್ಯಾಡ ಅಂತೀನೇನು?” ಎಂದರು ಮೇಡಂ. ಕೊನೆಗೆ ಮೂರು ದಿಕ್ಕಿನಿಂದ ತೆಗೆದ ಮೂರು ಫೋಟೋ ಎಂದು ತೀರ್ಮಾನವಾಯಿತು.

ಮುಂದಿನ ವಾರಗಳಲ್ಲಿ ನಾನು ದಿನಾ ಹಳೆಯ ಸೈಟನ್ನು ತೆರೆದು ನೋಡುತ್ತಿದ್ದೆ. ಒಂದು ಅಕ್ಷರವೂ ಅಲುಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದೇನೋ ಸರಿಯಿಲ್ಲ ಎಂದು ವಿಚಾರಿಸುತ್ತಿದ್ದರು. ನಾನು ಖುಷಿಪಟ್ಟೆ. ಆಹಾ, ಎಂಥ ಶಿಸ್ತು! ಎಲ್ಲ ತಯಾರಿ ಮಾಡಿಟ್ಟುಕೊಂಡು ಕೊನೆಯ ಎರಡು ದಿನಕ್ಕೆ ಕಾಯುತ್ತಿದ್ದಾರೆ! ಫೋನ್ ಮಾಡಿ ಕೇಳಿದರೂ, “ಎಲ್ಲಾ ಬರೋಬ್ಬರಿ ನಡದೈತ್ರಿ ಸರ್, ನೀವು ಬಿಲ್ಕುಲ್ ಕಾಳಜಿ ಮಾಡಬ್ಯಾಡ್ರಿ” ಎನ್ನುತ್ತಿದ್ದರು. ಕುಲಸಚಿವರು ಎದುರಾದಾಗಲೆಲ್ಲ ಅವರು ಕೇಳದಿದ್ದರೂ ನಾನೇ ವರದಿ ಒಪ್ಪಿಸಿ, “ನಮ್ಮವರ ಕೆಲಸ ನೋಡಿ ಕಂಪನಿಯವ್ರು ಕಲೀಬೇಕ್ರಿ ಸರ್” ಎಂದು ಎದೆ ಸೆಟೆಸುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲ್ಯಾಬಿಗೆ ಹೋದೆ. ನಕಲನ್ನು ಅಳಿಸಿದೆ. ಹಿಂದುಮುಂದು ನೋಡಲಿಲ್ಲ. ಹಳೆಯದನ್ನು ತಂದು ಕೂರಿಸಿದೆ, ಯಂತ್ರ ಎಲ್ಲ ಮುಗಿಯಿತು ಎಂದಿತು, ಮೂವರಿಗೂ ಫೋನ್ ಮಾಡಿ ನೋಡಿರಿ ಎಂದೆ. ಮೊದಲು ಖಾಜಾಸಾಬರ ದನಿ ಬಂತು. “ಸರ್, ನಮ್ಮ ಹೊಸಾ ಬಿ.ಎಸ್ಸಿ. ಎಲ್ಲಿ ಹೋತ್ರಿ?” ಎರಡನೆಯದು ಮಾಸ್ತರದು. “ನನ್ನ ಪುಟದಾಗ ಕನ್ನಡ ಎಲ್ಲಾ ಬರೇ ಡಬ್ಬಿ ಡಬ್ಬಿ ಆಗೇತ್ರಿ! ನಾ ಸರಿ ಮಾಡಿದ್ದೆನಲ್ರೀ!” ಎಲ್ಲಿ ಸರಿ ಮಾಡಿದ್ದಿರಿ ಎಂದು ಕೇಳುವಾಗಲೇ ನನಗೆ ಉತ್ತರ ಹೊಳೆದುಬಿಟ್ಟಿತು. ಅಷ್ಟೂ ದಿನ ಮೂವರೂ ಹಗಲಿರುಳು ದುಡಿದು, ಕೆಟ್ಟಿದ್ದನ್ನು ತಿದ್ದಿ, ಪ್ರವೇಶಾತಿಯ ಹೊಸ ಪುಟಗಳನ್ನು ಬರೆದು, ಎಲ್ಲವನ್ನೂ ಆ ನಕಲಿನಲ್ಲಿಯೇ ಹಾಕಿದ್ದರು. ನಾನು ಅದನ್ನು ಈಗಷ್ಟೇ ವಿಭೂತಿ ಹಚ್ಚಿಕೊಂಡು ಗುಡಿಸಿ ಹಾಕಿದ್ದೆ.

ನನಗೆ ಸಿಟ್ಟು ನೆತ್ತಿಗೇರಿತು. ಮೂರನೆಯದಾಗಿ ಸಿಕ್ಕಿದ್ದು ರಾಜೇಶ್ವರಿ ಮೇಡಂ. ಅವರ ಮೇಲೆಯೇ ಹರಿಹಾಯ್ದೆ. “ಏನ್ರಿ ಮೇಡಂ, ನಾ ಬಾಯಿ ಬಡಕೊಂಡು ಹೇಳಿದ್ದಿಲ್ಲೇನು, ಅದು ಬರೇ ನೋಡಾಕ ಅಂತ?”

“ಹೇಳಿದ್ರಿ ಖರೇ. ಆದ್ರ ಹೇಳೂಕಿಂತ ಮೊದಲ ಕಾಯಿ ಒಡದ್ರಲ್ರೀ ಸರ್!” ಎಂದರು ಅವರು. “ಕುಂಕುಮ ಹಚ್ಚಿ, ನನ್ನ ಕೈಲೆ ಆರತಿ ಮಾಡಿಸಿದ್ರಿ, ಪೇಢೆನೂ ತಿಂದ್ವಿ. ಹೊಸಾ ಮನಿಗೆ ಪೂಜಿ ಆದ ಮ್ಯಾಲ ಹಳೇ ಮನಿಗೆ ಹೋಗಿ ಯಾರರ ಒಲಿ ಹಚ್ಚತಾರೇನ್ರಿ? ನೀವ ಹೇಳ್ರಿ. ನಿಮ್ಮ ಮನ್ಯಾಗ ಹಚ್ಚತೀರೇನು?”

ಹಚ್ಚುವುದಿಲ್ಲ. ನಮ್ಮ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಹಳೆಯ ಮನೆಯಲ್ಲಿ ಚಹಾ ಮಾಡಿಕೊಳ್ಳಹೋಗಿ ನನ್ನ ತಾಯಿಯಿಂದ ಬೈಸಿಕೊಂಡವನು ನಾನೇ. ಯಾವ ಕಂಪನಿಯವರೂ ಇಂಥ ತಪ್ಪು ಮಾಡಲಾರರು, ಏಕೆಂದರೆ ಅವರು ಕಾಯಿಯನ್ನೇ ಒಡೆಯುವುದಿಲ್ಲ. ಕಂಪನಿ ಎಂದ ಕೂಡಲೇ ಕುಲಸಚಿವರ ಮುಖ ಕಣ್ಣಮುಂದೆ ಬಂತು. ಬೆಳಗಾದರೆ ಪ್ರವೇಶಾತಿ. ನಮ್ಮವರು ನಮ್ಮವರು ಎಂದು ಊರೆಲ್ಲ ಹೇಳಿಕೊಂಡು ಬಂದವನೇ ಅವರ ಕೈಯಿಂದ ಕೆಲಸ ಕಸಿದಂತಾಯಿತಲ್ಲ ಎಂದು ಖುರ್ಚಿಯಲ್ಲಿ ಕುಸಿದೆ. “ಎಲ್ಲಾ ಹೋತ್ರಿ ಮೇಡಂ” ಎಂದೆ. ಅಳುವುದೊಂದು ಬಾಕಿ.

“ಹೋಗೂದೇನ್ರಿ? ಬರತೀವಿ, ತಡೀರಿ” ಎಂದು ಅವರು ಫೋನ್ ಇಟ್ಟರು.

ಮೂರು ಊರಿನಿಂದ ಮೂರು ಬಸ್ಸು ಹಿಡಿದು, ರಜೆಯ ದಿನ, ಮೂವರೂ ಬಂದರು. ಶರಣಪ್ಪ ಮಾಸ್ತರ ಕೊರಳಲ್ಲಿ ಸೀಟಿಯ ಜೊತೆಗೆ ಒಂದು ಪೆನ್‌ಡ್ರೈವು ತೂಗುತ್ತಿತ್ತು. ಹಾಕಿದ್ದೆಲ್ಲದರ ಒಂದು ಪ್ರತಿ ಅದರಲ್ಲಿತ್ತು. ಮೇಡಂ ಒಂದೊಂದು ಪುಟ ಮುಗಿದಂತೆಲ್ಲ ಅದನ್ನು ತಮ್ಮ ಯಜಮಾನರ ವಾಟ್ಸಾಪಿಗೆ ಕಳಿಸಿಟ್ಟಿದ್ದರು. “ಅವ್ರು ಏನೂ ನೋಡಂಗಿಲ್ರಿ, ಹಂಗಾಗಿ ಭದ್ರ ಇರತೈತಿ” ಎಂದರು. ಖಾಜಾಸಾಬರು ಪ್ರತಿ ಪುಟವನ್ನೂ ಪ್ರಿಂಟ್ ತೆಗೆದು, ಹೊಲಿದು, ರಟ್ಟು ಹಾಕಿಸಿ, ಲೈಬ್ರರಿಯ ಮುದ್ರೆ ಒತ್ತಿಸಿ ತಂದಿದ್ದರು. ನನ್ನ ಸರ್ವರನ್ನು ಮೂವರಲ್ಲಿ ಒಬ್ಬರೂ ನಂಬಿರಲಿಲ್ಲ! ಒಂದು ಕ್ಷಣ ಅವಮಾನವಾಯಿತು; ಮರುಕ್ಷಣ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಮಂಡಕ್ಕಿ ಮಿರ್ಚಿ ತರಿಸಿಕೊಂಡು ಕೂತೆವು. ಉಳಿದಿಬ್ಬರದನ್ನು ಹಾಗೇ ಏರಿಸಿದೆವು; ಖಾಜಾಸಾಬರು ತಮ್ಮ ರಟ್ಟಿನ ಪುಸ್ತಕ ಓದುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ, ತಪ್ಪಿದರೆ ಮಾಸ್ತರು ಸೀಟಿ ಊದುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂರೂ ಕಾಲೇಜಿನ ಎಲ್ಲ ಪುಟಗಳೂ ಹೊಸ ಸರ್ವರಿನಲ್ಲಿ ಕೂತಿದ್ದವು, ಕನ್ನಡ ಕನ್ನಡವಾಗಿಯೇ ಇತ್ತು, ಯಲಬುರ್ಗಾದ ಬಿ.ಎಸ್ಸಿ. ಮೊದಲಿಗಿಂತ ಚಂದ ಕಾಣುತ್ತಿತ್ತು. ನಮ್ಮವರ ಬಗ್ಗೆ ನಾನು ಕೊಚ್ಚಿಕೊಂಡದ್ದೆಲ್ಲ ಕಡಿಮೆಯೇ ಆಯಿತು ಎಂದು ಆಗ ನನಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಅಷ್ಟರಲ್ಲಿ ಕುಲಸಚಿವರೇ ಲ್ಯಾಬಿಗೆ ಬಂದರು. ನಿಂತುಕೊಂಡೇ ಒಂದೊಂದು ಪುಟ ತೆರೆಸಿ ನೋಡಿದರು. ಖಾಜಾಸಾಬರ ಪ್ರಿನ್ಸಿಪಾಲರ ಸಾಲನ್ನು ಕಂಡು ಹುಬ್ಬೇರಿಸಿ ಮುಂದಿನ ಪುಟಕ್ಕೆ ಹೋದರು. ಕೊನೆಗೆ ಕನ್ನಡಕ ತೆಗೆದು ನನ್ನತ್ತ ತಿರುಗಿ, “ಎಲ್ಲಾ ಇದೆ. ಆದರೆ ಒಂದು ಪುಟ ಇಲ್ಲವಲ್ಲ?” ಎಂದರು.

ಮಾಸ್ತರ ಕೈ ತಾನಾಗಿ ಸೀಟಿಯ ಮೇಲೆ ಹೋಯಿತು.

“ಇಷ್ಟೆಲ್ಲ ಮಾಡಿದ್ದೀರಿ, ನಿಮ್ಮ ಹೆಸರು ಎಲ್ಲೂ ಇಲ್ಲ. ಒಂದು ಫೋಟೋ ಕೂಡ ಇಲ್ಲ!”

ಹಕೀಕತ್ತೇನೆಂದರೆ, ಇತ್ತು. ಕಾಯಿ ಒಡೆದ ಸಂಜೆಯೇ ನಾನೊಂದು ಪುಟ ಮಾಡಿಕೊಂಡಿದ್ದೆ. ಅದಕ್ಕೆಂದೇ ಸ್ಟುಡಿಯೋಕ್ಕೆ ಹೋಗಿ, ಅಲ್ಲಿಯವರದೇ ಕೋಟು ತೊಟ್ಟು, ಗಲ್ಲಕ್ಕೆ ಕೈಯಿಟ್ಟುಕೊಂಡು ಫೋಟೋ ತೆಗೆಸಿಕೊಂಡಿದ್ದೆ. ಕೆಳಗೆ ನನ್ನ ಸಾಧನೆಗಳನ್ನು ನಾನೇ ವಿಸ್ತಾರವಾಗಿ ಬರೆದಿದ್ದೆ. ನಾನೂ ಆ ನಕಲಿನಲ್ಲಿಯೇ ಒಲೆ ಹಚ್ಚಿದವನು. ಒಂದು ಪ್ರತಿಯನ್ನೂ ಎಲ್ಲಿಯೂ ಇಟ್ಟುಕೊಳ್ಳದೆ ಆ ಯಂತ್ರವನ್ನು ಪೂರ್ತಿಯಾಗಿ ನಂಬಿದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.

ಅದನ್ನೆಲ್ಲ ನೋಡಿದ್ದ ರಾಜೇಶ್ವರಿ ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ, “ನಾವೂ ಎಷ್ಟ ಸಲ ಹೇಳಿದ್ವಿರಿ ಸರ್. ಅವ್ರಿಗೆ ಹೆಸರು ಫೋಟೋ ಎಲ್ಲಾ ಸೇರಂಗಿಲ್ರಿ. ಭಾಳ ಸಾದಾ ಮನುಷ್ಯಾರು” ಎಂದರು. ಖಾಜಾಸಾಬರು ಹೌದೆಂದು ತಲೆಯಾಡಿಸಿದರು. ಮಾಸ್ತರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು.

ಕುಲಸಚಿವರು ನನ್ನ ಬೆನ್ನು ತಟ್ಟಿ, ಇಂಥ ನಿಗರ್ವಿಗಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ, ಮುಂದಿನ ಸಭೆಯಲ್ಲಿ ಎಲ್ಲರೆದುರು ಇದನ್ನು ಹೇಳುತ್ತೇನೆ, ಕಂಪನಿಯ ಮಾತು ಇನ್ನು ಬೇಡ ಎಂದರು. ನಾನು ತಲೆ ಎತ್ತಲಾಗದೆ ನೆಲ ನೋಡುತ್ತಾ ನಿಂತಿದ್ದೆ. ಅದನ್ನೂ ಅವರು ವಿನಯವೆಂದೇ ತಿಳಿದುಕೊಂಡರು.