ಮೇಷ್ಟ್ರ ಕ್ಲಚ್ ಪ್ರಯೋಗ

ವಿಜ್ಞಾನದ ಮೇಷ್ಟ್ರ ಮನೆಗೆ ಕಾರು ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಎರಡು ಕ್ಲಚ್ ಪ್ಲೇಟುಗಳು ಸವೆದು ಸ್ವರ್ಗಸ್ಥವಾಗಿದ್ದವು. ಮೂರನೆಯದು ಏರುದಾರಿಯಲ್ಲಿ ಸುಟ್ಟ ವಾಸನೆ ಬಿಡುತ್ತಾ ಮಹಾಪ್ರಸ್ಥಾನಕ್ಕೆ ಸಿದ್ಧವಾಗುತ್ತಿತ್ತು. ತನ್ನ ಹಳೆಯ ಕಾರನ್ನು ಇವರಿಗೆ ದಾಟಿಸಿದವನು ಹೆಂಡತಿಯ ಅಣ್ಣ. ಆದ್ದರಿಂದ ದೋಷ ಕಾರಿನದೇ ಎಂಬ ಬಗ್ಗೆ ಮೇಷ್ಟ್ರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಅಣ್ಣ ಆರು ವರ್ಷ ಓಡಿಸಿದರೂ ಒಂದು ಪ್ಲೇಟೂ ಹೋಗಿರಲಿಲ್ಲವೆಂದು ಹೆಂಡತಿ ನೆನಪಿಸಿದಳು. ಹೋಗಬೇಕಾದದ್ದನ್ನೆಲ್ಲ ಕೂಡಿಟ್ಟು ತಮಗೆ ಕೊಟ್ಟಿದ್ದಾನೆ ಎಂದರು ಮೇಷ್ಟ್ರು. ಮೂರು ದಿನ ವಾಗ್ಯುದ್ಧ ನಡೆದು ಕೊನೆಗೊಂದು ಒಪ್ಪಂದವಾಯಿತು. ತಪ್ಪು ಕಾರಿನದಾದರೆ ಅಣ್ಣ ಅದನ್ನು ವಾಪಸು ಒಯ್ಯಬೇಕು. ಓಡಿಸುವವರದಾದರೆ ಕೀಲಿ ಹೆಂಡತಿಯ ಕೈಗೆ. (ಅವಳಿಗೂ ಲೈಸೆನ್ಸ್ ಇತ್ತು. ಅದು ಕಳೆದುಹೋಗಬಾರದೆಂದು ಮೇಷ್ಟ್ರು ಬೀರುವಿನ ತಳದಲ್ಲಿ ಬಹಳ ಜೋಪಾನವಾಗಿಟ್ಟಿದ್ದರು.)

ಮೆಕ್ಯಾನಿಕ್ ಕಾರನ್ನು ನಿಲ್ಲಿಸಿ ನೋಡಿ ಎಲ್ಲ ಸರಿಯಾಗಿದೆ ಎಂದಿದ್ದ. ನಿಂತಾಗ ಎಲ್ಲರೂ ಸಂಭಾವಿತರೇ, ಓಡುವಾಗ ನೋಡಬೇಕು ಎಂಬುದು ಮೇಷ್ಟ್ರ ಸಿದ್ಧಾಂತ. ಹೆಬ್ಬೆರಳಿನಷ್ಟಿದ್ದ ಒಂದು ಕ್ಯಾಮೆರಾ ತಂದು, ಬಾನೆಟ್ಟಿನೊಳಗೆ ಕ್ಲಚ್ಚಿನ ಲಿವರ್ ಕಾಣುವಂತೆ ಮೆಕ್ಯಾನಿಕ್‌ನಿಂದಲೇ ಕಟ್ಟಿಸಿದರು. ಪೆಡಲ್ ಒತ್ತಿದರೆ ಲಿವರ್ ಅಲುಗಬೇಕು, ಬಿಟ್ಟರೆ ತೆಪ್ಪಗಿರಬೇಕು. ಒತ್ತದೆಯೂ ಅಲುಗಿತೋ, ಕಾರಿನ ಬಂಡವಾಳ ಬಯಲು.

ಪ್ರಯೋಗವೆಂದ ಮೇಲೆ ದಾಖಲೆ ಬೇಡವೇ? ಹೆಂಡತಿಗೆ ನೋಟ್‌ಬುಕ್ ಕೊಟ್ಟು, ಕಾರಿನೊಳಗೆ ನಡೆಯುವುದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆಯಲು ಹೇಳಿದರು.

"ನಾನು ಮಾತಾಡಿದ್ದೂ ಬರೀಬೇಕಾ?"

"ಎಲ್ಲ ಅಂದ್ರೆ ಎಲ್ಲ. ಒಂದಕ್ಷರ ಬಿಟ್ರೂ ಅದು ವಿಜ್ಞಾನ ಅಲ್ಲ."

ಗೇರ್ ಬದಲಿಸುವ ಗೋಜಿಲ್ಲದ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಗ್ಯಾರೇಜಿಗೆ ಮರಳಿ, ಮೂವರೂ ಪರದೆಯ ಮುಂದೆ ಕುಳಿತರು. ಮೊದಲು ಲಿವರ್ ಧ್ಯಾನಕ್ಕೆ ಕೂತ ಮುನಿಯಂತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಬೆಚ್ಚಿಬಿದ್ದು ಗಡಗಡ ನಡುಗತೊಡಗಿತು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

"ನೋಡಿದ್ಯಾ? ನಾನು ಪೆಡಲ್ ಮುಟ್ಟೇ ಇಲ್ಲ, ತಾನಾಗೇ ಕುಣೀತಿದೆ. ನಿಮ್ಮಣ್ಣನಿಗೆ ಫೋನ್ ಹಚ್ಚು."

ಮೆಕ್ಯಾನಿಕ್ ಪರದೆಯ ಮೂಲೆಯಲ್ಲಿದ್ದ ಸಮಯ ನೋಡಿದ. "ಹತ್ತು ಗಂಟೆ ಏಳು ನಿಮಿಷ. ಆಗ ಏನು ಬರ್ದಿದ್ದೀರಮ್ಮಾ?"

ಹೆಂಡತಿ ಪುಟ ತಿರುವಿದಳು. "ನಮ್ಮಮ್ಮ ಬಂದು ಒಂದು ತಿಂಗಳು ಇರ್ತಾಳೆ ಅಂದೆ."

ಹತ್ತೂ ಹದಿನೈದಕ್ಕೆ ಲಿವರ್ ಮತ್ತೆ ಜಿಗಿಯಿತು. ಅಡುಗೆಮನೆಯ ನಲ್ಲಿ ಯಾವಾಗ ಸರಿಮಾಡಿಸುತ್ತೀರಿ ಎಂದು ಕೇಳಿದ ಹೊತ್ತದು. ಹತ್ತೂ ಇಪ್ಪತ್ತೊಂದಕ್ಕಂತೂ ಅದು ಕೊನೆಯವರೆಗೆ ಸರಿದು ಅಲ್ಲೇ ಮರಗಟ್ಟಿ ನಿಂತಿತು. ಇಂಜಿನ್ನು ಬೊಬ್ಬೆ ಹೊಡೆಯಿತು.

"ಇಲ್ಲೇನು ಹೇಳಿದ್ರಿ?" ಮೆಕ್ಯಾನಿಕ್‌ನ ದನಿಯಲ್ಲಿ ಮೇಷ್ಟ್ರ ಬಗ್ಗೆ ನಿಜವಾದ ಕಳವಳವಿತ್ತು.

"ಏನೂ ಇಲ್ಲಪ್ಪ. ಬರೀ 'ರೀ' ಅಂದೆ."

ಮೆಕ್ಯಾನಿಕ್ ನಗಲಿಲ್ಲ. ಒರೆಸುವ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು, ಕಾರಿಗೆ ಕಿವಿಯಿಲ್ಲವೆಂದೂ, ಹೆದರಿದ್ದು ಮೇಷ್ಟ್ರ ಎಡಗಾಲೆಂದೂ, ಅದು ತಿಳಿಯದೆಯೇ ಪೆಡಲ್ ತುಳಿಯುತ್ತಿದೆಯೆಂದೂ, ಪ್ಲೇಟು ಸವೆಯುವುದು ಅದರಿಂದಲೇ ಎಂದೂ ವಿನಯದಿಂದ ವಿವರಿಸಿದ. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದೆಂದು ಮೇಷ್ಟ್ರು ವಾದಿಸಿದರು. ಹೆಂಡತಿ ವಾದಿಸಲಿಲ್ಲ, ಕೈ ಚಾಚಿದಳು. ಕೀಲಿ ಕೊಡಲೇಬೇಕಾಯಿತು.

ಕಾರು ಬೆಣ್ಣೆಯಂತೆ ಗ್ಯಾರೇಜಿನಿಂದ ಜಾರಿತು. ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರು, ತಿರುವು ಬರುತ್ತಿದೆ, ಹಾರನ್ ಮಾಡಬೇಕು, ಎಡಕ್ಕೆ ಹಿಡಿಯಬೇಕು ಎಂದು ಮೂರು ಉಪದೇಶ ಮುಗಿಸಿ ನಾಲ್ಕನೆಯದಕ್ಕೆ ಬಾಯಿ ತೆರೆದಿದ್ದರಷ್ಟೆ.

"ರೀ," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ಕದಲಿಸದೆ. "ಪಕ್ಕದಲ್ಲಿ ಕೂತೋರು ಮಾತಾಡಿದ್ರೆ ಕ್ಲಚ್ ಸವೆಯುತ್ತೆ ಅಂತ ಈಗ ತಾನೇ ನೀವೇ ಸಾಬೀತು ಮಾಡಿದ್ರಿ. ಮನೆ ಬರೋವರೆಗೂ ಸುಮ್ನೆ ಕೂತ್ಕೊಳ್ಳಿ."