ಎರವಲು ಹೋದ ಸಂಶೋಧಕ

೨೦೨೫ನೆಯ ಇಸವಿ ಜೂನ್ ಹದಿನಾಲ್ಕು, ಶನಿವಾರ, ಜ್ಯೇಷ್ಠ ಬಹುಳ ತದಿಗೆ. ಆಧಾರ: ವಿಶ್ವವಿದ್ಯಾಲಯ ಗ್ರಂಥಾಲಯದ ಸುತ್ತೋಲೆ ಮತ್ತು ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರು. ಸುತ್ತೋಲೆಯಲ್ಲಿ ತಿಥಿ ಇರಲಿಲ್ಲ, ಕ್ಯಾಲೆಂಡರಿನಲ್ಲಿ ಕಾರ್ಯಕ್ರಮ ಇರಲಿಲ್ಲ. ಎರಡನ್ನೂ ಕೂಡಿಸಿ ಬರೆದಿದ್ದೇನೆ. ಮದುವೆಯ ಊಟ ಹೇಗಿತ್ತೆಂದು ಯಾರಾದರೂ ಕೇಳಿದರೆ ಮೊದಲು ಮುಹೂರ್ತದ ಗಳಿಗೆಯನ್ನು ಹೇಳಿ, ಅದು ಲಗ್ನಪತ್ರಿಕೆಗೆ ತಾಳೆಯಾಗುತ್ತದೆಯೇ ಎಂಬುದನ್ನು ವಿವರಿಸಿ, ಆಮೇಲೆ ಹೋಳಿಗೆಗೆ ಬರುವ ಜಾಯಮಾನ ನನ್ನದು. ನಾನು ಹೋಳಿಗೆಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಶಾಸನಗಳ ಕಾಲನಿರ್ಣಯದಲ್ಲಿಯೇ ಆಯುಸ್ಸು ಸವೆಸಿ ನಿವೃತ್ತನಾದವನಿಗೆ ಇದು ಸಹಜ ಧರ್ಮವೆಂದು ನನ್ನ ವಾದ. ಇದು ಕಾಯಿಲೆ, ಇದಕ್ಕೆ ಕೊಪ್ಪದಲ್ಲಿ ಡಾಕ್ಟರಿಲ್ಲ ಎಂದು ನನ್ನ ಹೆಂಡತಿ ಸಾವಿತ್ರಿಯ ವಾದ.

ಬಾಳಗಡಿಯ ಕಡೆ ವಿಶ್ವವಿದ್ಯಾಲಯವೊಂದು ತೆರೆದಿರುವ ಗ್ರಂಥಾಲಯದ ಶಾಖೆಗೂ ನನಗೂ ಬಹಳ ದಿನಗಳ ನಂಟು. ಅಲ್ಲಿಂದ ತಿಂಗಳಿಗೊಮ್ಮೆ ಫೋನಿಗೆ ವಾರ್ತಾಪತ್ರ ಬರುತ್ತದೆ: ಹೊಸದಾಗಿ ಬಂದ ಪುಸ್ತಕಗಳು, ಮನೆಯಲ್ಲೇ ಕೂತು ಓದಬಹುದಾದ ಸಂಶೋಧನ ಪತ್ರಿಕೆಗಳು, ವಿದ್ಯಾರ್ಥಿಗಳಿಗೆ ತರಬೇತಿ, ಓದುವ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಟಿಫಿನ್ ಡಬ್ಬಿ. ನಾನು ಬರೆದ ಪುಸ್ತಕವೂ ಆ ಕಪಾಟಿನಲ್ಲಿದೆ. ಅದನ್ನು ಕೊನೆಯ ಸಲ ಎರವಲು ಪಡೆದವನು ನಾನೇ. ನನ್ನ ಮನೆಯ ಪ್ರತಿಯನ್ನು ಗೆದ್ದಲು ಆಸಕ್ತಿಯಿಂದ ಓದಿ ಮುಗಿಸಿತ್ತು, ನನಗೆ ಅದರೊಳಗಿನ ಒಂದು ಇಸವಿ ತುರ್ತಾಗಿ ಬೇಕಾಗಿತ್ತು. ಅದಕ್ಕೂ ಹಿಂದಿನ ಸಲ ಪಡೆದವನೂ ನಾನೇ ಎಂದು ಗ್ರಂಥಪಾಲಕಿ ಶೈಲಜಾ ಕಂಪ್ಯೂಟರ್ ನೋಡಿ ಹೇಳಿದರು. ನಾನು ಕೇಳಿರಲಿಲ್ಲ.

ಆ ಶೈಲಜಾ ಅವರೇ ಮೇ ತಿಂಗಳಲ್ಲಿ ಫೋನ್ ಮಾಡಿ, “ಸರ್, ‘ಮಾತಾಡುವ ಪುಸ್ತಕ’ ಅಂತ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ. ನೀವು ಒಂದು ಪುಸ್ತಕ ಆಗ್ಬೇಕು” ಎಂದರು. ವಿಧಾನ ಸರಳವಾಗಿತ್ತು. ಓದುಗರು ಕೌಂಟರಿನಲ್ಲಿ ಪುಸ್ತಕದ ಬದಲು ಮನುಷ್ಯನನ್ನು ಎರವಲು ಪಡೆಯುವುದು, ಎದುರು ಕೂತು ಅವನ ಅನುಭವವನ್ನು ಕೇಳುವುದು, ಅರ್ಧ ಗಂಟೆಯಾದ ಮೇಲೆ ಕೌಂಟರಿಗೆ ಹಿಂದಿರುಗಿಸುವುದು. ಅಚ್ಚಾದ ನನ್ನನ್ನು ಓದದ ಲೋಕ ಉಸಿರಾಡುವ ನನ್ನನ್ನಾದರೂ ಓದೀತು ಎಂದು ನಾನು ಹಿಗ್ಗಿದೆ. “ಅಮ್ಮನ್ನೂ ಕರ್ಕೊಂಡ್ಬನ್ನಿ ಸರ್, ಒಂದು ಪುಸ್ತಕ ಕಡಿಮೆ ಬಿದ್ದಿದೆ” ಎಂದು ಅವರು ಕೊನೆಯಲ್ಲಿ ಸೇರಿಸಿದ್ದನ್ನು ಆಗ ಅಷ್ಟಾಗಿ ಗಮನಿಸಲಿಲ್ಲ.

ಹಿಗ್ಗಿದವನು ಸುಮ್ಮನಿರಬೇಕಿತ್ತು. ನಾನು ಹಾಲಿನ ಡೈರಿಯಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ಶೃಂಗೇರಿಯ ಷಡ್ಡಕನಿಗೆ ಫೋನ್ ಮಾಡಿ ಹೇಳಿದೆ. ಮೆಡಿಕಲ್ ಶಾಪಿನ ನಾಗರಾಜ ನನ್ನ ಬಿ.ಪಿ. ಮಾತ್ರೆ ಕಟ್ಟುತ್ತಾ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, “ಎಂತ ಸರ್, ಮನೆಗೆ ಒಯ್ಯಕ್ಕೆ ಕೊಡ್ತಾರಾ? ಹದಿನೈದು ದಿನಕ್ಕೆ ಕೊಟ್ರೆ ಹೇಳಿ ಮಾರಾಯ್ರೆ, ನಮ್ಮನೇಲಿ ಹುಡುಗ್ರಿಗೆ ಪಾಠ ಹೇಳಕ್ಕೆ ಜನ ಬೇಕಿತ್ತು” ಎಂದ. ಹೀಗೆ ಊರಿಗೆಲ್ಲ ಸುದ್ದಿಯಾದ ಮೇಲೆ ಉಳಿದದ್ದು ಒಂದೇ ಚಿಂತೆ: ಯಾರೂ ಓದದಿದ್ದರೆ? ಒಬ್ಬ, ಒಬ್ಬನೇ ಒಬ್ಬ ಓದುಗ ನನ್ನನ್ನು ಕೇಳಿಕೊಂಡು ಬಂದರೆ ಸಾಕು, ನಾಗರಾಜನ ಅಂಗಡಿಗೆ ತಲೆಯೆತ್ತಿ ಹೋಗಬಹುದು.

ಆ ಶನಿವಾರ ನಮ್ಮ ಎದೆಗೆಲ್ಲ ಒಂದೊಂದು ಚೀಟಿ ಅಂಟಿಸಿದರು. ನನ್ನ ಶೀರ್ಷಿಕೆ ‘ಮಲೆನಾಡಿನ ಶಾಸನಗಳ ಕಾಲನಿರ್ಣಯ: ಕೆಲವು ಸಮಸ್ಯೆಗಳು’. ನಾನೇ ಇಟ್ಟದ್ದು. ಎಡಗಡೆಯ ಮೇಜಿನಲ್ಲಿ ಬಾಳೆಹೊನ್ನೂರಿನ ನಿವೃತ್ತ ಬಸ್ ಕಂಡಕ್ಟರ್ ಶಿವಪ್ಪ, ಬಲಗಡೆಯ ಮೇಜಿನಲ್ಲಿ ಸಾವಿತ್ರಿ. ಅವಳ ಚೀಟಿಯನ್ನು ನಾನು ಎರಡು ಸಲ ಓದಿದೆ: ‘ಸಂಶೋಧಕರೊಬ್ಬರ ಜೊತೆ ಸಂಸಾರ’. ಬಾಗಿಲು ತೆರೆದ ಕೂಡಲೇ ಅವಳ ಮುಂದೆ ಸಾಲು ಬೆಳೆಯಿತು, ಶಿವಪ್ಪನ ಮುಂದೆ ನಗು ಬೆಳೆಯಿತು, ನನ್ನ ಮುಂದೆ ಖಾಲಿ ಕುರ್ಚಿ ಇದ್ದಲ್ಲಿಯೇ ಇತ್ತು. ಮೂಲಗ್ರಂಥ ಕೈಗೆಟಕುವಲ್ಲಿರುವಾಗ ಜನ ವ್ಯಾಖ್ಯಾನಕ್ಕೆ ಮುಗಿಬೀಳುವುದನ್ನು ವಿದ್ವತ್ತಿನ ಲೋಕದಲ್ಲಿ ಹಿಂದೆಯೂ ಕಂಡಿದ್ದೇನೆ. ಆ ವ್ಯಾಖ್ಯಾನ ನನ್ನ ಹೆಂಡತಿಯೇ ಆಗಿದ್ದುದು ಮಾತ್ರ ಇದೇ ಮೊದಲು. ಶಿವಪ್ಪ ಮರುಕದಿಂದ, “ಸುಮ್ನೆ ಕೂತ್ರೆ ಯಾರು ಹತ್ತುತಾರೆ ಸಾರ್? ಸೀಟ್ ಖಾಲಿ ಐತೆ ಅಂತ ಒಂದು ಸಲ ಕೂಗಿ” ಎಂದರು.

ಕೂಗುವ ಪ್ರಮೇಯ ಬರಲಿಲ್ಲ. ಮೆಣಸೆಯಿಂದ ಬಂದ ದೀಕ್ಷಾ ಎಂಬ ವಿದ್ಯಾರ್ಥಿನಿ ಕೌಂಟರಿನಲ್ಲಿ ನನ್ನನ್ನು ಬರೆಸಿಕೊಂಡು ಬಂದು ಎದುರು ಕೂತಳು. ನಾನು ಗಂಟಲು ಸರಿಮಾಡಿಕೊಂಡು ಶಕವರ್ಷಕ್ಕೂ ಕ್ರಿಸ್ತವರ್ಷಕ್ಕೂ ಇರುವ ಅಂತರದಿಂದ ಆರಂಭಿಸಿದೆ. ಅವಳು ವಿನಯದಿಂದ ತಲೆಯಾಡಿಸಿ, “ಸರ್, ಪಕ್ಕದ ಪುಸ್ತಕ ಯಾವಾಗ ಖಾಲಿ ಆಗ್ತದೆ?” ಎಂದಳು. ನನ್ನ ಮೇಜಿನಿಂದ ಸಾವಿತ್ರಿಯ ಮೇಜಿನ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ದೀಕ್ಷಾ ನನ್ನನ್ನು ಆರಿಸಿದ ಕಾರಣ ಅದು. ಪಕ್ಕದಲ್ಲಿ ಸಾವಿತ್ರಿ ರಂಗೇರಿದ್ದಳು.

“ಹೊಸ ಮದುವೆ. ಶೃಂಗೇರಿ ಕಡೆ ಹೋಗಿಬರೋಣ ಅಂದ್ರು. ನಾನು ರೇಷ್ಮೆ ಸೀರೆ ಉಟ್ಟು ಹೊರಟೆ. ಇವರು ಬಸ್ಸಿಳಿಸಿದ್ದು ಬೇಗಾರಲ್ಲಿ, ಕರ್ಕೊಂಡು ಹೋಗಿದ್ದು ಗದ್ದೆ ಅಂಚಿಗೆ. ಅಲ್ಲೊಂದು ಕಲ್ಲು. ಶ್ರಾವಣದ ಮಳೆ ಬೇರೆ, ಇಬ್ಬರಿಗೂ ಸೇರಿ ಒಂದೇ ಕೊಡೆ. ಅದನ್ನ ನನ್ನ ಕೈಗೆ ಕೊಟ್ರು. ಪಾಪ, ಎಷ್ಟು ಒಳ್ಳೇ ಮನುಷ್ಯ ಅಂದ್ಕೊಂಡು ತಲೆ ಮೇಲೆ ಹಿಡ್ಕೊಂಡೆ. ‘ಅಲ್ಲಲ್ಲ, ಕಲ್ಲಿನ ಮೇಲೆ ಹಿಡಿ’ ಅಂದ್ರು!”

ಗ್ರಂಥಾಲಯವೆಂಬುದನ್ನೂ ಮರೆತು ಹುಡುಗಿಯರು ನಕ್ಕರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಶ್ರಾವಣ ಅಲ್ಲ, ಭಾದ್ರಪದ! ಚೌತಿ ಗಣಪತಿ ಬಿಟ್ಟ ಮಾರನೆಯ ದಿನ. ಶ್ರಾವಣದಲ್ಲಿ ನಾನು ರಜೆಯನ್ನೇ ಹಾಕಿರಲಿಲ್ಲ” ಎಂದೆ.

ದೀಕ್ಷಾ ನಿಧಾನವಾಗಿ ಕೇಳಿದಳು, “ಹಂಗಾರೆ ಕೊಡೆ ಕಲ್ಲಿಗೆ ಹಿಡಿಸಿದ್ದು ಹೌದಾ ಸರ್?”

“ಹಿಡಿಯಲೇಬೇಕಲ್ಲಮ್ಮ. ಅಚ್ಚು ತೆಗೆಯಲು ಕಲ್ಲಿನ ಮೇಲೆ ಕಾಗದ ಅಂಟಿಸಿದ್ದೆ. ಮಳೆ ಬಿದ್ದರೆ ಮಸಿ ಹರಡಿ ಅಕ್ಷರ ಹಾಳಾಗುತ್ತದೆ.”

“ಹೆಂಡ್ತಿ ನೆಂದ್ರೆ?” ಎಂದರು ಶಿವಪ್ಪ, ಎಡಗಡೆಯ ಮೇಜಿನಿಂದ.

ಈ ಪ್ರಶ್ನೆಯನ್ನು ಶಾಸನಶಾಸ್ತ್ರ ಎಲ್ಲಿಯೂ ಎತ್ತಿಕೊಂಡಿಲ್ಲ. ಸಾವಿತ್ರಿ ಮಾತ್ರ ತೃಪ್ತಿಯಿಂದ, “ನಾನೊಬ್ಬಳೇ ಹೇಳಿದ್ರೆ ಉಪ್ಪುಖಾರ ಹಚ್ಚಿದಾಳೆ ಅಂತಿದ್ರೇನೋ. ಈಗ ನೋಡಿ, ಇವರೇ ತಿಥಿ ಸಮೇತ ಸಾಕ್ಷಿ ಹೇಳಿದ್ರು” ಎಂದಳು. ಶೈಲಜಾ ಓಡಿಬಂದು, “ಸರ್, ಒಂದು ಪುಸ್ತಕ ಓದಿಸ್ಕೊಳ್ವಾಗ ಇನ್ನೊಂದು ಪುಸ್ತಕ ಮಾತಾಡ್ಬಾರ್ದು. ದಯವಿಟ್ಟು” ಎಂದು ಪಿಸುಗುಟ್ಟಿ, ನನ್ನನ್ನು ಕುರ್ಚಿಸಮೇತ ನಿಘಂಟುಗಳ ಕಪಾಟಿನ ಹಿಂದಕ್ಕೆ ಸಾಗಿಸಿದರು. ದೀಕ್ಷಾ ಅಲ್ಲಿಯವರೆಗೂ ಜೊತೆಗೆ ಬಂದು, “ಐದು ನಿಮಿಷ ಸರ್, ಬಂದೆ” ಎಂದು ಹೋದಳು. ಸಾವಿತ್ರಿಯ ಮುಂದೆ ಆಗಷ್ಟೇ ಒಂದು ಜಾಗ ಖಾಲಿಯಾಗಿತ್ತು.

ದೀಕ್ಷಾ ಮರಳಿ ಬರಲಿಲ್ಲ, ನನ್ನನ್ನು ಕೌಂಟರಿಗೆ ಹಿಂದಿರುಗಿಸಲೂ ಇಲ್ಲ. ಕಪಾಟಿನ ಆಚೆಯಿಂದ ನಗು ಅಲೆಯಲೆಯಾಗಿ ಬರುತ್ತಿತ್ತು. ಅಂಥ ಒಂದು ಅಲೆ ಇಳಿದಾಗ ಕೌಂಟರಿನಲ್ಲಿ ಹೊಸದೊಂದು ದನಿ ಕೇಳಿಸಿತು: “ಮೇಡಂ, ನಾನು ನರಸಿಂಹರಾಜಪುರದಿಂದ ಬಂದಿದೀನಿ, ಅಲ್ಲಿ ಇತಿಹಾಸ ಪಾಠ ಮಾಡ್ತೀನಿ. ಶಾಸನದ ಸರ್ ಪುಸ್ತಕ ಸಿಗುತ್ತಾ? ಅವರೊಬ್ಬರಿಗೋಸ್ಕರನೇ ಬಂದೆ.” ನಾನು ಕುರ್ಚಿಯ ಅಂಚಿಗೆ ಸರಿದು ಕಿವಿಗೊಟ್ಟೆ. ಶೈಲಜಾ ಕೀಲಿಮಣೆ ಒತ್ತಿದ ಸದ್ದಾಯಿತು. “ಸಾರಿ ಸರ್, ಆ ಪುಸ್ತಕ ಓದುಗರ ಹತ್ರ ಹೋಗಿದೆ. ಇನ್ನೂ ವಾಪಸ್ ಬಂದಿಲ್ಲ.”

ಇಲ್ಲಿದ್ದೇನೆ ಎಂದು ಕೂಗಬಹುದಿತ್ತು. ಆದರೆ ಪುಸ್ತಕ ಮಾತಾಡಬಾರದೆಂದು ಈಗತಾನೆ ಹೇಳಿಸಿಕೊಂಡವನು ನಾನು. ಯಾರೂ ಬರೆಸಿಕೊಳ್ಳದೆ ಪುಸ್ತಕ ತಾನಾಗಿ ಕಪಾಟಿನಿಂದ ಇಳಿದು ಹೋಗುವುದು ಯಾವ ನಿಯಮಕ್ಕೆ ಸಮ್ಮತ ಎಂದು ನಾನು ಯೋಚಿಸುತ್ತಿರುವಾಗಲೇ ಆ ಪುಣ್ಯಾತ್ಮ, “ಹೌದಾ? ಹೋಗ್ಲಿ ಬಿಡಿ, ಅಲ್ಲಿ ಎಲ್ಲರೂ ನಗ್ತಿದಾರಲ್ಲ, ಆ ಅಮ್ಮನ್ನೇ ಕೊಡಿ” ಎಂದುಬಿಟ್ಟ. ಬಾಗಿಲು ಮುಚ್ಚುವ ಹೊತ್ತಿಗೆ ಸಾವಿತ್ರಿಯೇ ನನ್ನನ್ನು ಹುಡುಕಿಕೊಂಡು ಬಂದು ಕೌಂಟರಿಗೆ ಹಿಂದಿರುಗಿಸಿದಳು. “ಹರಿದಿಲ್ಲ, ಮಡಚಿಲ್ಲ, ನೋಡ್ಕೊಳ್ಳಿ” ಎಂದು ಶೈಲಜಾಗೆ ಹೇಳಿದಳು.

ಜುಲೈ ತಿಂಗಳ ವಾರ್ತಾಪತ್ರ ಮೊನ್ನೆ ಬಂತು. ಕಾರ್ಯಕ್ರಮದ ವರದಿಯಲ್ಲಿ ಸಾವಿತ್ರಿಯ ಮಾತಿನ ಧ್ವನಿಮುದ್ರಣವನ್ನು ಗ್ರಂಥಾಲಯದ ಸಂಗ್ರಹಕ್ಕೆ ಸೇರಿಸಲಾಗಿದೆ ಎಂದಿತ್ತು. ಅದರ ಕೆಳಗೆ, ಆ ದಿನ ಎಲ್ಲ ಪುಸ್ತಕಗಳಿಗಿಂತ ಹೆಚ್ಚು ಹೊತ್ತು ಓದುಗರ ಕೈಯಲ್ಲಿದ್ದ ಪುಸ್ತಕವೆಂದು ನನ್ನ ಹೆಸರಿತ್ತು. ಕಂಪ್ಯೂಟರಿನ ದಾಖಲೆಯೇ ಅದಕ್ಕೆ ಆಧಾರ. ಸಾವಿತ್ರಿ ಕನ್ನಡಕ ಸರಿಮಾಡಿಕೊಂಡು, “ತಿದ್ದುಪಡಿ ಕಾಗದ ಬರೀತೀರಲ್ಲ? ಪತ್ರಿಕೆಯವರು ಒಂದು ತಾರೀಕು ತಪ್ಪಿದ್ರೆ ಬಿಡೋರಲ್ಲ ನೀವು” ಎಂದಳು. ನಾನು ಕಾಗದ ತೆಗೆದುಕೊಂಡು ಕೂತೆ. ಬಹಳ ಹೊತ್ತು ಎರಡೂ ಕಡೆಯನ್ನು ತೂಗಿ ನೋಡಿದೆ. ಆ ಮಧ್ಯಾಹ್ನವೆಲ್ಲ ನಾನು ನಿಘಂಟುಗಳ ಹಿಂದೆ ಒಬ್ಬನೇ ಕೂತಿದ್ದೆನೆಂದು ನನ್ನ ನೆನಪು ಹೇಳುತ್ತದೆ, ನಿಜ. ಆದರೆ ಆ ನೆನಪಿಗೆ ಸಾಕ್ಷಿ ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.