ಬೇರಿಂಗ್ ಹಲಗೆ ಮತ್ತು ನನ್ನ ಘನತೆ

ಸರ್ಕಾರಿ ನೌಕರಿ ಸಿಕ್ಕವನು ಮೊದಲ ಸಂಬಳಕ್ಕೆ ತಿಂಗಳು ಕಾಯಬೇಕು. ಘನತೆ ಮಾತ್ರ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಗಳಿಗೆಯಲ್ಲೇ ಬಂದುಬಿಡುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕುಷ್ಟಗಿಯ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿದ ನನಗೂ ಬಂತು. ಇಸ್ತ್ರಿ ಪ್ಯಾಂಟು ತೊಟ್ಟೆ, ಹೋಟೆಲಿನ ಬಾಗಿಲಲ್ಲಿ ನಿಂತು ಚಹಾ ಕುಡಿಯುವುದು ಬಿಟ್ಟೆ, ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡುವಾಗಲೂ ದನಿ ತಗ್ಗಿಸಿದೆ. ಅವ್ವ, "ಯಾಕಪಾ, ಗಂಟಲಾ ಕಟ್ಟೈತೇನು?" ಎಂದು ಕಷಾಯ ಕಾಸಿಕೊಟ್ಟಳು. ಭಾನುವಾರ ಬೆಳಗ್ಗೆ ಮಾತ್ರ ಈ ಘನತೆಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ನಾನು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ನಾಲ್ಕು ಬೇರಿಂಗಿನ ಹಲಗೆಯೊಂದರ ಮೇಲೆ ನಿಲ್ಲಲು ಹೆಣಗುತ್ತಿದ್ದೆ.

ಇದಕ್ಕೆಲ್ಲ ಕಾರಣ ವಿರೂಪಾಕ್ಷ. ಶಾಲೆಯಲ್ಲಿ ನನ್ನ ಪಕ್ಕ ಕೂತವನು, ಆಮೇಲೆ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದವನು. ಮುಂಬಯಿಗೆ ಹೋಗಿಬಂದ ಡ್ರೈವರೊಬ್ಬ ಕೊಟ್ಟ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ, ಕೂದಲು ಹಾರಿಸಿಕೊಂಡು ಗಾಲಿಹಲಗೆಯ ಮೇಲೆ ನಿಂತ ಪರದೇಶದ ತರುಣನೊಬ್ಬನ ಚಿತ್ರವಿತ್ತು. ಅದರಡಿ 'ಸ್ಕೇಟ್‌ಬೋರ್ಡ್' ಎಂದಿದ್ದುದನ್ನು ಓದಿ ಹೇಳಿದವನು ನಾನೇ, ಹಾಗಾಗಿ ಪಾಪದಲ್ಲಿ ನನಗೂ ಪಾಲಿದೆ. ನಮ್ಮೂರ ಹುಡುಗರು ಬೇರಿಂಗ್ ಗಾಡಿ ಮಾಡಿ ಅದರ ಮೇಲೆ ಕೂತು ಆಡುವುದು ಹೊಸದೇನಲ್ಲ. "ಕುಂತ್ರ ಅದು ಗಾಡಿ, ನಿಂತ್ರ ಸ್ಕೇಟ್‌ಬೋರ್ಡ್. ಇಷ್ಟ ಫರಕು ನೋಡಲೇ," ಎಂದ ವಿರೂಪಾಕ್ಷ. ಲಾರಿಯ ಹಳೆಯ ಹಲಗೆ, ಜಾಲಿ ಕಟ್ಟಿಗೆಯ ಅಚ್ಚು, ಸೀಮೆಎಣ್ಣೆಯಲ್ಲಿ ತೊಳೆದ ಬೇರಿಂಗು, ಬರಿಗಾಲು ಜಾರದಂತೆ ಮೇಲೊಂದು ಟಾಯರಿನ ತುಂಡು. ಊರ ಹೊರಗೆ ಹೊಸದಾಗಿ ಡಾಂಬರು ಬಿದ್ದ ಇಳಿಜಾರಿನಲ್ಲಿ ಅದು ಹೊರಟರೆ ನಾಯಿಗಳು ಬೊಗಳುವುದನ್ನೂ ಮರೆತು ಓಡುತ್ತಿದ್ದವು. ಅದಕ್ಕೆ ಬ್ರೇಕಿಲ್ಲ, ನಿಲ್ಲಿಸಬೇಕಾದರೆ ಕೆಳಗೆ ಹಾರಬೇಕು. ನಾನಂತೂ ಹೊರಡುವ ಮೊದಲೇ ಹಾರುತ್ತಿದ್ದೆ, ಮೈಮೇಲೆ ಒಂದು ತರಚುಗಾಯವೂ ಆಗಲಿಲ್ಲ. ಅವನು ನಿಂತರೆ ಮಾತ್ರ ನೋಡಬೇಕಿತ್ತು. ವಾರವಿಡೀ ಲಾರಿಯ ಕೆಳಗೆ ಅಂಗಾತ ಮಲಗುವ ಮನುಷ್ಯ ಭಾನುವಾರ ಒಂದು ದಿನ ಎದೆಯೆತ್ತಿ ನಿಲ್ಲುತ್ತಿದ್ದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚೂ ಪ್ರೀತಿಯೂ ಒಟ್ಟಿಗೇ ಬರುತ್ತಿದ್ದವು.

ನಮ್ಮದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಬ್ಬ ಮೇಲಿನಿಂದ ಬರುವಾಗ ಇನ್ನೊಬ್ಬ ಕೆಳಗಿನ ತಿರುವಿನಲ್ಲಿ ಕೆಂಪು ಟವೆಲ್ ಹಿಡಿದು ನಿಲ್ಲಬೇಕು. ಬಂಡಿಯೋ ದನವೋ ಅಡ್ಡ ಬಂದರೆ ಬೀಸಬೇಕು, ಮೇಲಿದ್ದವನು ಹಾರಿಕೊಳ್ಳುತ್ತಾನೆ. ಅಂದು ಟವೆಲ್ ನನ್ನ ಕೈಯಲ್ಲಿತ್ತು. ವಿರೂಪಾಕ್ಷ ಮೇಲಿನಿಂದ ಹೊರಟ ಸದ್ದು ಕೇಳಿಸಿತು. ಅದೇ ಹೊತ್ತಿಗೆ ನಮ್ಮ ಕಚೇರಿಯ ಸಾಹೇಬರು ಕೋಲೂರಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತರು. "ಏನ್ರಿ, ಇಲ್ಲೇನು ಮಾಡಾಕತ್ತೀರಿ?" ಎಂದರು. "ವಾಕಿಂಗ್ ಬಂದೀನ್ರಿ ಸರ್," ಎಂದೆ. ಟವೆಲ್ ತಾನಾಗಿಯೇ ಕಂಕುಳಿಗೆ ಹೋಯಿತು. ಆಗಲೇ ಪಕ್ಕದ ಬಂಡಿದಾರಿಯಿಂದ ಆಡಿನ ಹಿಂಡು ರಸ್ತೆಗೆ ಏರಿತು. ಬೀಸಬೇಕಿತ್ತು. ಬೀಸಿದರೆ ಈ ಹುಡುಗಾಟದಲ್ಲಿ ನಾನೂ ಇದ್ದೇನೆಂದು ಸಾಹೇಬರಿಗೆ ತಿಳಿಯುತ್ತದೆ. ಇಷ್ಟು ಯೋಚನೆ ಮುಗಿಯುವಷ್ಟರಲ್ಲಿ ವಿರೂಪಾಕ್ಷ ತಿರುವಿಗೆ ಬಂದ, ಆಡುಗಳನ್ನು ತಪ್ಪಿಸಲು ಹೊರಳಿದ, ಜಲ್ಲಿಯ ರಾಶಿಗೆ ಬಿದ್ದ.

ಮೊದಲು ಓಡಿದವರು ಸಾಹೇಬರು. ಅವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, "ಯಾರ್ರಿ ಇಂವ? ನಿಮಗ ಗೊತ್ತೇನು?" ಎಂದು ಕೇಳಿದರು.

"ಇಲ್ರಿ ಸರ್. ಯಾರೋ ಗ್ಯಾರೇಜಿನಾಂವ ಇರಬೇಕು," ಎಂದೆ.

ಗೊತ್ತಿಲ್ಲದವನ ಉದ್ಯೋಗ ನನಗೆ ಹೇಗೆ ಗೊತ್ತಾಯಿತೆಂದು ಸಾಹೇಬರಿಗೆ ಹೊಳೆಯಲಿಲ್ಲ. ವಿರೂಪಾಕ್ಷ ಮಾತ್ರ ಕಣ್ಣು ತೆರೆದು ನನ್ನನ್ನೊಮ್ಮೆ ನೋಡಿ ಮತ್ತೆ ಮುಚ್ಚಿಕೊಂಡ. ಅವನನ್ನು ಆ ದಾರಿಯಲ್ಲಿ ಬಂದ ಬಂಡಿಯೊಂದಕ್ಕೆ ಹತ್ತಿಸಿದ ಮೇಲೆ ಸಾಹೇಬರು ಆ ಹಲಗೆಯನ್ನು ತಿರುವಿ, ಬೆರಳಿನಿಂದ ಬೇರಿಂಗ್ ತಿರುಗಿಸಿ ನೋಡಿದರು. "ಭಾಳ ಛಲೋ ಮಾಡ್ಯಾನ. ನಾ ಸಣ್ಣಾಂವ ಇದ್ರ ನಾನೂ ಒಂದು ಕೈ ನೋಡ್ತಿದ್ದೆ," ಎಂದರು. ಟವೆಲ್ ಬೀಸಿದ್ದರೂ ನನ್ನ ಘನತೆಗೆ ಅಂದು ಏನೂ ಆಗುತ್ತಿರಲಿಲ್ಲ.

ಎಲುಬು ಕಟ್ಟುವವರು ಮುರಿದ ಕಾಲಿಗೆ ಬಿದಿರು ದಬ್ಬೆ ಇಟ್ಟು ಕಟ್ಟಿದರು. ಎಲುಬು ಕೂಡಿತು, ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ. ಲಾರಿಯ ಕೆಳಗೆ ನುಸುಳಲಾಗದವನಿಗೆ ಲಾರಿ ಗ್ಯಾರೇಜಿನಲ್ಲಿ ಏನು ಕೆಲಸ? ನಾನು ಬಾಳೆಹಣ್ಣು ಹಿಡಿದು ನೋಡಲು ಹೋದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮೆ ಅವನ ಮುಂದೆ ಬಾಯಿಗೆ ಬರಲಿಲ್ಲ. "ಕಚೇರಿಗೆ ಹೊತ್ತಾತು, ಹೋಗು," ಎಂದ ಅವನು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮುಂದೆ ನನಗೆ ಯಲಬುರ್ಗಾಕ್ಕೆ ವರ್ಗವಾಯಿತು, ವರ್ಗವಾದುದಕ್ಕೆ ಸಂತೋಷಪಟ್ಟೆ.

ಏಳೆಂಟು ವರ್ಷ ಕಳೆದು ತಿರುಗಿ ಕುಷ್ಟಗಿಗೆ ಬಂದಾಗ ನನ್ನ ಹತ್ತಿರ ಒಂದು ಸ್ಕೂಟರಿತ್ತು, ಅದಕ್ಕೆ ಸದಾ ಕಾಯಿಲೆ. ಊರಲ್ಲಿ ಸ್ಕೂಟರ್ ರಿಪೇರಿಗೆ ಕೈ ಪಳಗಿದವನು ಯಾರೆಂದು ವಿಚಾರಿಸಿದರೆ ಎಲ್ಲರೂ ಹೇಳಿದ್ದು ವಿರೂಪಾಕ್ಷನ ಹೆಸರನ್ನೇ. ಬೇರೆ ದಾರಿಯಿಲ್ಲದೆ ಹೋದೆ. ಎತ್ತರದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದವನು ಸ್ಕೂಟರ್ ಎಳೆದುಕೊಂಡು ಬಿಚ್ಚತೊಡಗಿದ. ಅಲ್ಲೇ ಕೂತಿದ್ದ ಮಾಸ್ತರರೊಬ್ಬರು, "ಇವರ್‍ಯಾರ್ರಿ ವಿರೂಪಾಕ್ಷಪ್ಪ? ನಿಮಗ ಪರಿಚಯೇನು?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ.

ಅವನು ತಲೆ ಎತ್ತದೆ ಹೇಳಿದ: "ನಮ್ಮ ದೋಸ್ತ ಅದಾನ್ರಿ. ನನ್ನ ಕಾಲು ಹೋತಲ್ರಿ, ಆವತ್ತು ಇಬ್ರೂ ಕೂಡೇ ಬಿದ್ದಿದ್ವಿ."

ಮಾಸ್ತರರು ಕನಿಕರದಿಂದ ನನ್ನ ಕಡೆ ತಿರುಗಿ, "ಅಯ್ಯ ಪಾಪ, ನಿಮಗೆಲ್ಲಿ ಪೆಟ್ಟಾಗಿತ್ರಿ?" ಎಂದರು. ವಿರೂಪಾಕ್ಷನ ಕೈಯಲ್ಲಿ ನಟ್ಟು ಬಿಚ್ಚುತ್ತಿದ್ದ ಪಾನಾ ಒಂದು ಕ್ಷಣ ನಿಂತಿತು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ.

"ಎಡಗಾಲಿಗ್ರಿ," ಎಂದೆ. ಅವನದು ಬಲಗಾಲು. ಅದನ್ನೂ ನನ್ನದೆನ್ನಲು ಬಾಯಿ ಬರಲಿಲ್ಲ.